ಬಾಳೆಸಿಪ್ಪೆ ಕಪ್ಪಾದದ್ದು

ಲೋಕ ಆಗಷ್ಟೇ ಕಣ್ಣು ಬಿಟ್ಟ ಕಾಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಗಾಳಿ ಬೀಸುವ ಮುಂಚೆ ಹುಲ್ಲನ್ನು ಒಂದು ಮಾತು ಕೇಳುತ್ತಿತ್ತು. ಹಳ್ಳಗಳು ಹರಿಯುತ್ತ ಹರಿಯುತ್ತ ಮಾತಾಡುತ್ತಿದ್ದವು.

ಆಗ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತಿರಲಿಲ್ಲ. ಹಣ್ಣು ತಿಂದು ಎಷ್ಟು ಕಾಲವಾದರೂ ಹೊಸ ಚಿನ್ನದ ಹಾಗೆ ಹೊಳೆಯುತ್ತಿತ್ತು. ಯಾರೂ ಅದನ್ನು ಎಸೆಯುತ್ತಿರಲಿಲ್ಲ. ತೋರಣ ಮಾಡಿ ಬಾಗಿಲಿಗೆ ಕಟ್ಟುತ್ತಿದ್ದರು.

ಒಂದು ಹಳ್ಳದ ದಂಡೆಯಲ್ಲಿ ಮಾಳವ್ವ ಎಂಬ ಹೆಂಗಸು ತನ್ನ ಪುಟ್ಟ ಮಗಳು ಹೂವಿಯ ಜೊತೆ ಇದ್ದಳು. ಅವಳ ಗುಡಿಸಲಿನ ತೋರಣ ಊರಲ್ಲೆಲ್ಲ ಚೆಂದದ್ದು. ಅದನ್ನು ಕಟ್ಟಿದವಳು ತೀರಿಹೋದ ಅವಳ ತಾಯಿ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದರೆ ಒಳಗಿನ ಗೋಡೆಯೆಲ್ಲ ಹಳದಿಯಾಗುತ್ತಿತ್ತು. ತಾಯಿ ಎದುರಿಗೇ ಕೂತ ಹಾಗೆ ಮಾಳವ್ವನಿಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಬೆಟ್ಟದ ಹೊಟ್ಟೆಯಲ್ಲಿ ಜನಕ್ಕೆ ಮಿನುಗುವ ಕಲ್ಲು ಸಿಕ್ಕಿತು. ಅಗೆದು ತಂದರು, ಹಳ್ಳದಲ್ಲಿ ತೊಳೆದರು. ಮಾಳವ್ವನೂ ತೊಳೆದಳು. ತೊಳೆದಷ್ಟೂ ಕಲ್ಲು ಮಿನುಗಿತು, ತೊಳೆದಷ್ಟೂ ನೀರು ಕಪ್ಪಾಯಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊಕ್ಕರೆಗಳು ಬೇರೆ ಕಡೆ ಹಾರಿಹೋದವು. ಆ ನೀರು ಕುಡಿದ ಹೂವಿ ಹಾಸಿಗೆ ಹಿಡಿದಳು.

ಮಾಳವ್ವ ದಂಡೆಗೆ ಹೋಗಿ, ಮೊದಲಿನಂಥ ನೀರು ಒಂದು ಬೊಗಸೆಯಾದರೂ ಕೊಡು ಎಂದು ಹಳ್ಳವನ್ನು ಬೇಡಿಕೊಂಡಳು. ಹಳ್ಳ ಕಾಲೆಳೆಯುತ್ತ ಹರಿಯುತ್ತಿತ್ತು.

"ನೀರು ಇದೆ ಮಗಳೇ," ಎಂದಿತು. "ಆದರೆ ಈ ಕಪ್ಪು ನನ್ನ ಮೈ ಬಿಡುತ್ತಿಲ್ಲ. ಯಾರಾದರೂ ಇದನ್ನು ಹಿಡಿದುಕೊಂಡರೆ ನಾನು ಮುಂದೆ ಹೋದೇನು."

ಮಾಳವ್ವ ಬಂಡೆಯನ್ನು ಕೇಳಿದಳು. ನನ್ನೊಳಗೆ ಜಾಗವಿಲ್ಲ ಎಂದಿತು ಬಂಡೆ. ಮರಳನ್ನು ಕೇಳಿದಳು. ನನ್ನ ಸಂದಿಯಲ್ಲಿ ಜಾರಿಹೋಗುತ್ತದೆ ಎಂದಿತು ಮರಳು. ಗಾಳಿಯನ್ನು ಕೇಳಿದಳು. ಹಿಡಿದುಕೊಳ್ಳಲು ತನಗೆ ಕೈಯೇ ಇಲ್ಲವೆಂದು ಗಾಳಿ ಅಳುತ್ತ ಹೋಯಿತು.

ಸೋತು ಮನೆಗೆ ಬಂದಾಗ ಬಾಗಿಲ ಮೇಲಿನ ತೋರಣ ಮೆಲ್ಲಗೆ ಅಲುಗಿತು.

"ನಮ್ಮೊಳಗಿನ ಹಣ್ಣು ಹೋಗಿದೆ," ಎಂದವು ಸಿಪ್ಪೆಗಳು. "ಜಾಗ ಖಾಲಿ ಇದೆ. ಆ ಕಪ್ಪನ್ನು ನಾವು ಇಟ್ಟುಕೊಳ್ಳುತ್ತೇವೆ."

ಒಮ್ಮೆ ಹಳ್ಳಕ್ಕೆ ಒಯ್ದರೆ ಸಿಪ್ಪೆಗಳ ಆ ಹೊನ್ನಿನ ಬಣ್ಣ ತಿರುಗಿ ಬರುವುದಿಲ್ಲವೆಂದು ಮಾಳವ್ವನಿಗೆ ಗೊತ್ತಾಯಿತು. ತೋರಣದ ಕೆಳಗೆ ನಿಂತೇ ಇದ್ದಳು. ಒಳಗಿನಿಂದ ಹೂವಿ, "ಅವ್ವಾ, ನೀರು" ಎಂದಳು.

ತಾಯಿ ಹಾಕಿದ ಗಂಟನ್ನು ಮಾಳವ್ವ ತನ್ನ ಕೈಯಾರೆ ಬಿಚ್ಚಿದಳು.

ಸಿಪ್ಪೆಗಳನ್ನು ಸಣ್ಣಗೆ ಸೀಳಿ ಬಿದಿರಿನ ಬುಟ್ಟಿಗೆ ತುಂಬಿದಳು. ನೀರೆಲ್ಲ ಅದರೊಳಗಿಂದಲೇ ಹಾಯುವ ಹಾಗೆ ಹಳ್ಳ ಕಿರಿದಾಗುವ ಕಡೆ ಇಟ್ಟಳು. ಊರ ಹೆಂಗಸರು ನೋಡಿದರು. ಒಬ್ಬೊಬ್ಬರೇ ಹೋಗಿ ತಮ್ಮ ತೋರಣಗಳನ್ನೂ ಬಿಚ್ಚಿ ತಂದರು. ಬುಟ್ಟಿಯ ಮುಂದೆ ಬುಟ್ಟಿ ಸಾಲಾಯಿತು. ಕಪ್ಪು ನೀರು ಮೊದಲ ಬುಟ್ಟಿ ಹೊಕ್ಕು ಬೂದಿ ಬಣ್ಣವಾಗಿ ಹೊರಬಂತು. ಮುಂದಿನದನ್ನು ಹೊಕ್ಕು ಮಂಜಿನ ಹಾಗಾಯಿತು. ಕೊನೆಯ ಬುಟ್ಟಿ ದಾಟಿದಾಗ ಅದರಲ್ಲಿ ಆಕಾಶ ಕಂಡಿತು.

ಹೂವಿ ಆ ನೀರು ಕುಡಿದು ನಿದ್ದೆಹೋದಳು. ಎದ್ದವಳು ಹಸಿವಾಗುತ್ತಿದೆ ಎಂದಳು.

ಬುಟ್ಟಿಯಲ್ಲಿದ್ದ ಸಿಪ್ಪೆಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಮಾಳವ್ವ ಅವನ್ನು ಮಡಿಲಲ್ಲಿ ಹಾಕಿಕೊಂಡು ಅತ್ತಳು. ಆಮೇಲೆ ನೀರಿಗೆ ದೂರವಾಗಿ, ಗುಡ್ಡದ ಆಚೆ ಆಳವಾದ ಗುಂಡಿ ತೋಡಿ ಅವನ್ನು ಮಲಗಿಸಿದಳು. ಮತ್ತೆಂದೂ ಯಾರೂ ಹಳ್ಳದಲ್ಲಿ ಆ ಕಲ್ಲು ತೊಳೆಯಲಿಲ್ಲ.

ಈ ಸುದ್ದಿಯನ್ನು ಗಾಳಿ ಲೋಕದ ಬಾಳೆಗಿಡಗಳಿಗೆಲ್ಲ ಹೇಳಿತು. ಅವು ಎಲೆ ತಗ್ಗಿಸಿ ಕೇಳಿದವು, ತಮ್ಮ ಎಳೆಗಾಯಿಗಳಿಗೂ ಹೇಳಿಕೊಟ್ಟವು. ಅದಕ್ಕೇ ಕಂದಾ, ಇವತ್ತಿಗೂ ನೀನು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಪಕ್ಕಕ್ಕಿಟ್ಟರೆ, ಅದು ಎಲ್ಲಿಯದೋ ನೀರಿನ ಕಪ್ಪನ್ನು ತನ್ನ ಖಾಲಿ ಜಾಗಕ್ಕೆ ಕರೆದುಕೊಳ್ಳುತ್ತ, ಸದ್ದಿಲ್ಲದೆ ಕಪ್ಪಾಗುತ್ತದೆ.