ದಮಯಂತಿಯ ಮುಖ

"ಗುರುಗಳೇ, ನಾನು ತಡವಾಗಿ ಮಠಕ್ಕೆ ಬಂದವನು. ಊರಿನ ಮಾತು ಬಿಟ್ಟೆ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬಿಟ್ಟೆ. ಇವರೆಲ್ಲರಂತೆ ಆಗಲು ಇನ್ನೂ ಏನೇನು ಬಿಡಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಕಾಡಂಚಿನ ಊರಿನಲ್ಲಿ ಒಬ್ಬ ಸಿದ್ದಿ ಹೆಣ್ಣುಮಗಳಿದ್ದಳು. ಅವಳ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು. ಕಪ್ಪು ಮೈ, ಗುಂಗುರು ಕೂದಲು. ಅಪ್ಪ ಸತ್ತ ಮೇಲೆ ತಮ್ಮಂದಿರನ್ನು ಸಾಕಿ ಒಂದು ದಡ ಸೇರಿಸುವ ಹೊತ್ತಿಗೆ ಅವಳಿಗೆ ಇಪ್ಪತ್ತು ದಾಟಿತ್ತು. ಆಗ ತಾಯಿಯೇ, "ಇನ್ನು ಮನೆ ನಾ ನೋಡ್ಕೊಳ್ತೆ, ನೀ ಹೋಗಿ ಕುಣಿತ ಕಲಿ. ನೀ ರಾಣಿಯಾಗಿ ಕುಣಿಯೋದನ್ನ ಒಂದ್ಸಲ ಕಣ್ತುಂಬ ನೋಡಿದ್ರೆ ನಂಗೆ ಸಾಕು" ಎಂದು ಪೇಟೆಗೆ ಕಳಿಸಿದಳು.

ಪೇಟೆಯ ನೃತ್ಯಶಾಲೆಯಲ್ಲಿ ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ಈ ಎತ್ತರದ ಹೆಂಗಸು ನಿಂತಳು. ಕಂಡವರು ಮೂಗು ಮುರಿದರು. ಮುರಿಯಲಿ, ಮೂಗು ಅವರದು! ಇವಳು ಹಠ ಬಿಡಲಿಲ್ಲ. ಭರತನಾಟ್ಯ ಕಲಿತಳು, ಬ್ಯಾಲೆ ತಂಡ ಸೇರಿದಳು, ನಾಟಕ ಕಂಪನಿಯಲ್ಲೂ ಸಿನಿಮಾದಲ್ಲೂ ಕುಣಿದಳು. ಹಿಡಿಂಬಿ ಬೇಕೇ, ಅವಳೇ. ಶೂರ್ಪನಖಿ ಬೇಕೇ, ಅವಳೇ. ಹಾವು, ಜಿಂಕೆ, ಕಾಳ್ಗಿಚ್ಚು, ಯಾವುದಕ್ಕೂ ಸೈ. ರಾಣಿಯ ಪಾತ್ರ ಮಾತ್ರ ಯಾರೂ ಕೊಡಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ನಲವತ್ತರ ಹತ್ತಿರ ಬಂದಾಗ, ಅಂತೂ, ಬ್ಯಾಲೆಯೊಂದರಲ್ಲಿ ದಮಯಂತಿಯ ಪಾತ್ರ ಸಿಕ್ಕಿತು. ಕೂಡಲೇ ತಾಯಿಯನ್ನು ಕರೆಸಿಕೊಂಡಳು. ಆ ತಂಡದಲ್ಲಿ ಒಂದು ಪದ್ಧತಿಯಿತ್ತು, ರಾಣಿಯೆಂದರೆ ಬೆಳ್ಳಗಿರಬೇಕು. ಬಣ್ಣ ಹಚ್ಚುವವನು ಅವಳ ಮುಖ, ಕುತ್ತಿಗೆ, ಕೈಗಳಿಗೆಲ್ಲ ಬಿಳಿ ಬಣ್ಣ ಬಳಿದ. ತಲೆಗೆ ನೀಳ ಕೂದಲಿನ ಟೋಪನ್ ತೊಡಿಸಿದ. ಬೇಡ ಎನ್ನುವ ಮಾತು ಅವಳ ಗಂಟಲವರೆಗೆ ಬಂತು. ತಡವಾಗಿ ಬಂದವಳು ತಾನು, ತಕರಾರು ಎತ್ತಿದರೆ ಸಿಕ್ಕ ಪಾತ್ರವೂ ಹೋದೀತು ಎಂದು ನುಂಗಿಕೊಂಡಳು.

ಅವತ್ತು ಅವಳು ಕುಣಿದದ್ದಕ್ಕೆ ಸಭೆಯೇ ಎದ್ದು ನಿಂತಿತು. ಬಣ್ಣ ಒರೆಸಿಕೊಂಡು, ವೇಷ ಕಳಚಿ, ಮುಂದಿನ ಸಾಲಿನಲ್ಲಿದ್ದ ತಾಯಿಯ ಬಳಿಗೆ ಓಡಿದಳು.

"ಬಂದ್ಯಾ ಮಗಾ? ಎಲ್ಲ ಮುಗಿದೇ ಹೋಯ್ತಲ್ಲ!" ಎಂದಳು ತಾಯಿ. "ಈಗ ಬರ್ತಿ, ಆಗ ಬರ್ತಿ ಅಂತ ಕಾದಿದ್ದೇ ಕಾದಿದ್ದು. ನಿಂಗೆ ಪಾತ್ರ ಕೊಡಲೇ ಇಲ್ವಾ?"

"ಅವ್ವಾ, ಆ ದಮಯಂತಿ ನಾನೇ."

"ಸಾಕು ಸುಮ್ನಿರು, ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಹೆತ್ತೋಳಿಗೆ ಗುರ್ತು ಸಿಕ್ತಿರ್ಲಿಲ್ವಾ?"

ಎಷ್ಟು ಹೇಳಿದರೂ ಆ ಮುದುಕಿ ನಂಬಲಿಲ್ಲ. ಮಗಳಿಗೆ ಅನ್ಯಾಯವಾಯಿತೆಂದು ಕಣ್ಣೊರೆಸಿಕೊಳ್ಳುತ್ತಲೇ ಊರಿನ ಬಸ್ಸು ಹತ್ತಿದಳು.

ಮಳೆಗಾಲ ಕಳೆದು ಮತ್ತೆ ಆಟ ಶುರುವಾದಾಗ ನರ್ತಕಿ ಬಣ್ಣದವನ ಕೈ ಹಿಡಿದು ಬೇಡ ಎಂದಳು. ತಂಡದವರು ಗೊಣಗಿದರು, ಬೈದರು, ಕೊನೆಗೆ ಒಪ್ಪಿದರು. ಅವಳು ತನ್ನ ಮುಖದಲ್ಲೇ ದಮಯಂತಿಯಾದಳು. ಏನು ಮಾಡೋಣ, ನೋಡಬೇಕಾದವಳು ಇರಲಿಲ್ಲ. ಆ ಮಳೆಗಾಲದಲ್ಲೇ ತಾಯಿ ತೀರಿಕೊಂಡಿದ್ದಳು. ಹೋಗುವ ಮುಂಚೆ ನೆರೆಯವರಿಗೆ, ನನ್ನ ಮಗಳಿಗೆ ಯಾರೂ ಪಾತ್ರ ಕೊಡಲಿಲ್ಲ ಎಂದೇ ಹೇಳಿಕೊಂಡಿದ್ದಳಂತೆ.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖವನ್ನೇ ನೋಡುತ್ತ ಕೇಳಿದರು:

"ನಾಳೆ ನಿನ್ನ ತಾಯಿ ಇಲ್ಲಿಗೆ ಬಂದರೆ, ಇಷ್ಟು ಜನರ ನಡುವೆ ನಿನ್ನ ಗುರುತು ಹಿಡಿಯುತ್ತಾಳೇನಪ್ಪಾ?"