ನಾಲ್ಕು ಮೊಳ ಹುರಿ

"ಗುರುಗಳೇ, ಪ್ರೀತಿಸಿದವರನ್ನು ಉಳಿಸಿಕೊಳ್ಳುವುದು ತಪ್ಪೇ?" ಎಂದು ಮಾಬ್ಲ ಕೇಳಿದ.

ಗುರುಗಳು ಹಾಸಿಗೆ ಹಿಡಿದು ತಿಂಗಳಾಗಿತ್ತು. ಮೂರು ದಿನದಿಂದ ಔಷಧಿಯನ್ನೂ ಬೇಡವೆನ್ನುತ್ತಿದ್ದರು. ಶಿಷ್ಯ ಮಾಬ್ಲ ಅವರ ಕಾಲೊತ್ತುತ್ತಾ ಕೂತಿದ್ದ. ಕಷಾಯದ ಲೋಟ ಪಕ್ಕದಲ್ಲೇ ಆರುತ್ತಿತ್ತು.

"ನಿನ್ನ ಕಷಾಯ ಕುಡಿಯುವುದಕ್ಕಿಂತ ಕತೆ ಹೇಳುವುದು ಸುಲಭ. ಕೇಳು" ಎಂದರು ಗುರುಗಳು.

ಕಡಲ ದಂಡೆಯಲ್ಲಿ ಒಂದು ಪಟ್ಟಣವಿತ್ತು. ಅಲ್ಲಿ ಒಂದೊಂದು ಕೇರಿಗೂ ಒಂದೊಂದು ಜಾತಿಯ ಹಕ್ಕಿ. ಮೀನಿನ ಕೇರಿಗೆ ಹದ್ದು, ಉಪ್ಪಿನ ಕೇರಿಗೆ ಬೆಳ್ಳಕ್ಕಿ, ಹಗ್ಗದ ಕೇರಿಗೆ ಬೂದು ರೆಕ್ಕೆಯ ಕಡಲಹಕ್ಕಿ. ಬೆಳಗಾದರೆ ಕಡಲ ಕಡೆಯಿಂದ ಬರುತ್ತಿದ್ದವು, ಸಂಜೆಗೆ ಹೋಗುತ್ತಿದ್ದವು. ಅವನ್ನು ಯಾರೂ ಸಾಕಿರಲಿಲ್ಲ, ಕಾಳು ಹಾಕಿ ಕರೆದಿರಲಿಲ್ಲ. ಆದರೂ ಮನೆಯಲ್ಲಿ ಎಷ್ಟು ಜನರೋ ಮಾಡಿನ ಮೇಲೆ ಅಷ್ಟೇ ಹಕ್ಕಿ. ಮಗು ಹುಟ್ಟಿದರೆ ಒಂದು ಹೆಚ್ಚು. ಒಂದು ಕೇರಿಯ ಹಕ್ಕಿ ಇನ್ನೊಂದು ಕೇರಿಗೆ ಇಳಿಯುತ್ತಿರಲಿಲ್ಲ. ಮದುವೆಯಾಗಿ ಬಂದವರ ಹಕ್ಕಿ ಮಾತ್ರ ಅವರ ಹಿಂದೆಯೇ ಬರುತ್ತಿತ್ತು.

ಯಾರದೋ ಹಕ್ಕಿ ಕಡಲ ಕಡೆ ತಿರುಗಿ ಕೂತು ರೆಕ್ಕೆ ಬಿಚ್ಚಿ ಮುಚ್ಚಿ ಮಾಡತೊಡಗಿದರೆ ಆ ಮನೆಯವರಿಗೆ ತಿಳಿಯುತ್ತಿತ್ತು. ಅವರು ಅಳುತ್ತಿದ್ದರು. ಅಳಬಾರದೆಂದು ಯಾರೂ ಹೇಳುತ್ತಿರಲಿಲ್ಲ. ಅಳುತ್ತಲೇ ಪಡುವಣ ಬಾಗಿಲು ತೆರೆದಿಡುತ್ತಿದ್ದರು. ಸಂಜೆ ಹಕ್ಕಿ ಮರಳಿ ಬಾರದ ಹಾಗೆ ಹೋಗುತ್ತಿತ್ತು, ಅದರ ಜೊತೆಗೆ ಮನೆಯ ಒಂದು ಜೀವವೂ.

ಹಗ್ಗದ ಕೇರಿಯಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಅವನು ಹಾಕಿದ ಗಂಟು ಬಿರುಗಾಳಿಗೂ ಬಿಚ್ಚುವುದಿಲ್ಲ ಎಂದು ಬಂದರಿನವರು ಹೇಳುತ್ತಿದ್ದರು. ಕೇಳಿ ಕೇಳಿ ಅವನ ತಲೆಗೂ ಅದು ಏರಿತ್ತು. ಉಪ್ಪಿನ ಕೇರಿಯಿಂದ ಬಂದ ಹೆಂಡತಿಯೆಂದರೆ ಅವನಿಗೆ ಪ್ರಾಣ. ಅವಳಿಗೆ ಜ್ವರ ಬಂತು. ಹನ್ನೊಂದನೆಯ ದಿನ ಅವಳ ಬೆಳ್ಳಕ್ಕಿ ಕಡಲ ಕಡೆ ತಿರುಗಿ ಕೂತಿತು.

ಅವನು ಬಾಗಿಲು ತೆರೆಯಲಿಲ್ಲ. ಏಣಿ ಹತ್ತಿದ. ನಾಲ್ಕು ಮೊಳ ತೆಂಗಿನ ನಾರಿನ ಹುರಿ ತೆಗೆದುಕೊಂಡು ಹಕ್ಕಿಯ ಕಾಲನ್ನು ಮಾಡಿನ ತೊಲೆಗೆ ಬಿಗಿದ. ಸಂಜೆ ಉಳಿದವು ಹಾರಿಹೋದವು, ಅದು ಉಳಿಯಿತು. ಹೆಂಡತಿಯ ಜ್ವರ ಬಿಟ್ಟಿತು. ಅವನು ಅಂಗಳದಲ್ಲಿ ನಿಂತು ಹುಚ್ಚನ ಹಾಗೆ ನಕ್ಕ. ಅವನ ಜಾಗದಲ್ಲಿದ್ದರೆ ನೀನೂ ನಗುತ್ತಿದ್ದೆ, ನಾನೂ ನಗುತ್ತಿದ್ದೆ.

ಹಕ್ಕಿ ಎಂಟು ದಿನ ರೆಕ್ಕೆ ಬಡಿಯಿತು. ಒಂಬತ್ತನೆಯ ದಿನ ನಿಲ್ಲಿಸಿತು. ಬಿಸಿಲಿಗೆ ಒಣಗಿ ಬರೀ ಗರಿ, ಮೂಳೆಯಾಯಿತು. ಆದರೆ ಬೀಳಲಿಲ್ಲ. ಕಡಲ ಕಡೆ ಮುಖ ಮಾಡಿ ನಿಂತೇ ಇತ್ತು.

ಕೆಳಗೆ ಹೆಂಡತಿ ಗಂಜಿ ಬೇಯಿಸುತ್ತಿದ್ದಳು, ತಾನು ಉಣ್ಣುತ್ತಿರಲಿಲ್ಲ. ಒಲೆಯ ಕೆಂಡ ಬೆರಳಿಗೆ ತಾಗಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಮುಟ್ಟಿದರೆ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ದಿನಾ ಸಂಜೆ ಹೊಸ್ತಿಲು ದಾಟಿ ಕಡಲ ಕಡೆ ನಡೆಯುತ್ತಿದ್ದಳು. ನಾಲ್ಕು ಮೊಳ ಹೋಗಿ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಹೆಜ್ಜೆ ಬರುತ್ತಿರಲಿಲ್ಲ.

ಆ ಕೇರಿಯಲ್ಲಿ ಹಕ್ಕಿಗಳು ಕೂಗುವುದನ್ನು ಬಿಟ್ಟವು. ಬಂದು ಕೂತು ಅವನ ಮಾಡನ್ನೇ ನೋಡುತ್ತಿದ್ದವು. ಜನರೂ ಅವನ ಮನೆಯ ಮುಂದೆ ಹಾಯುವುದನ್ನು ಬಿಟ್ಟರು.

ಒಂದು ದಿನ ಹೆಂಡತಿಯೇ ಹೇಳಿದಳು: "ಆ ಗಂಟು ಬಿಚ್ಚಿಬಿಡಿ."

"ಬಿಚ್ಚಿದರೆ ನೀನು ಇರುವುದಿಲ್ಲ ಮಾರಾಯ್ತಿ" ಎಂದು ಅವನು ಅತ್ತ.

"ಈಗ ಇದ್ದೇನೆ ಅಂತ ನಿಮಗೆ ಕಾಣ್ತದಾ?"

ಸಂಜೆ ಅವನು ಪಡುವಣ ಬಾಗಿಲು ತೆರೆದು ಏಣಿ ಹತ್ತಿದ. ತನ್ನ ಗಂಟು ತನಗೇ ಬಿಚ್ಚಲು ಬರಲಿಲ್ಲ. ಉಪ್ಪುಗಾಳಿಗೆ ಹುರಿ ಕಲ್ಲಾಗಿತ್ತು. ಉಗುರು ಕಿತ್ತು ಬಂತು. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದ. ಆ ಗರಿ ಮೂಳೆಯ ಗೂಡು ರೆಕ್ಕೆ ತೆರೆದು ಕಡಲ ಕಡೆ ಹಾರಿತು.

ಅವನು ಇಳಿದು ಬಂದಾಗ ಹೆಂಡತಿ ಅಂಗಳದಲ್ಲಿ ಬಿದ್ದಿದ್ದಳು, ಹೊಸ್ತಿಲಿನಿಂದ ಐದನೆಯ ಮೊಳದಲ್ಲಿ. ಅವಳ ಕೈ ಹಿಡಿದ. ಕೈ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಮಾಬ್ಲನ ಕಣ್ಣು ತುಂಬಿತ್ತು. ಕಾಲೊತ್ತುವುದು ಯಾವಾಗಲೋ ನಿಂತಿತ್ತು. ಅವನ ಎರಡೂ ಕೈಗಳು ಗುರುಗಳ ಕಾಲುಗಳನ್ನು ಬಿಗಿಯಾಗಿ ಹಿಡಿದಿದ್ದವು.

"ಆದರೂ ಅವನು ಗಂಟು ಹಾಕಿದ್ದು ಪ್ರೀತಿಯಿಂದಲೇ ಅಲ್ಲವೇ, ಗುರುಗಳೇ?"

"ಪ್ರೀತಿಯಿಂದಲೇ, ಮಗು, ಈಗ ನನ್ನ ಕಾಲು ಬಿಡು."