ಸೆರಗಿನ ಬೆನ್ನಿನ ಗಂಟು

ಕಸೂತಿ ಸೀರೆ ಕೈಗೆ ಬಂದರೆ ನಮ್ಮ ಕಡೆಯ ಹೆಂಗಸರು ಮೊದಲು ಸೆರಗು ತಿರುವಿ ಅದರ ಬೆನ್ನು ನೋಡುತ್ತಾರೆ. ಒಳ್ಳೆಯ ಕಸೂತಿ ಎರಡೂ ಕಡೆ ಒಂದೇ ರೂಪ, ಎಲ್ಲಿಯೂ ಗಂಟು ಇರಬಾರದು. ಹಾಗೆ ಹಾಕುವುದರಲ್ಲಿ ಪಾರತೆವ್ವನನ್ನು ಮೀರಿಸುವವರು ಧಾರವಾಡದ ಸುತ್ತ ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ತುಸು ಹೆಚ್ಚೇ ಗೊತ್ತಿತ್ತು.

ಅವಳ ಹತ್ತಿರ ಕಾಶವ್ವ ಎಂಬ ಹುಡುಗಿ ಕಲಿಯಲು ಬಂದಳು. ಹೇಳಿದ್ದನ್ನು ತಲೆಯ ಮೇಲೆ ಹೊತ್ತು ಮಾಡುವವಳು. ಇನ್ನೂ ನೇರ ಸಾಲು, ಬಿಡಿ ಹೂವು ಕಲಿಯುತ್ತಿರುವಾಗಲೇ ಓಣಿಯವರು ಈಕೆ ಗುರುವನ್ನು ಮೀರಿಸುತ್ತಾಳೆ ಅಂದರು. ಪಾರತೆವ್ವನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಚಿತ್ರ ಕವಲೊಡೆಯುವಲ್ಲಿ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ದಾರವನ್ನು ಕವಲಿನ ತುದಿಯತನಕ ಒಯ್ದು, ಬಿಟ್ಟ ಜಾಗ ತುಂಬುತ್ತ ಹಿಂದಕ್ಕೆ ತಂದು, ಆಮೇಲೆ ಮುಂದೆ ಹೋಗಬೇಕು. ಗುಟ್ಟೆಲ್ಲ ಅಷ್ಟೇ. ಅದನ್ನು ಅವಳು ಹೇಳಲಿಲ್ಲ. ಕವಲು ಬಂದಲ್ಲಿ ಗಂಟು ಹಾಕಿ ದಾರ ಕತ್ತರಿಸು ಎಂದು ಕಲಿಸಿದಳು. ನಿಮ್ಮ ಸೆರಗಿಗೆ ಗಂಟೇ ಇಲ್ಲವಲ್ಲ ಎಂದು ಹುಡುಗಿ ಕೇಳಿದರೆ, ಅದು ಕೈಗುಣ, ನಿನ್ನ ಹಣೆಯಲ್ಲಿ ಬರೆದಿಲ್ಲ ಅಂದಳು. ತಾನು ಕವಲು ಹಾಕುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಎಂಥ ವಿದ್ಯೆ, ಎಂಥ ಕಳ್ಳತನ! ಪಾಪ, ಕಾಶವ್ವ ನಂಬಿದಳು. ವರ್ಷಗಟ್ಟಲೆ ಗಂಟು ಹಾಕುತ್ತ, ತನ್ನ ಕೈಯನ್ನೇ ಬೈದುಕೊಳ್ಳುತ್ತ ಉಳಿದಳು.

ಪಾರತೆವ್ವನ ಮೊಮ್ಮಗಳು ನಿಂಬೆವ್ವನ ಮದುವೆ ಗೊತ್ತಾಯಿತು. ತಾಯಿಯಿಲ್ಲದ ಮಗು, ಅಜ್ಜಿಯ ಜೀವವೇ ಅವಳು. ಮದುಮಗಳಿಗೆ ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರೆ ಕೊಡುವುದು ವಾಡಿಕೆ. ಅಜ್ಜಿ ಸೆರಗು ಹಿಡಿದು ಕೂತಳು. ಅರ್ಧ ಆಗುವಷ್ಟರಲ್ಲಿ ಕಣ್ಣು ಕೈಕೊಟ್ಟವು. ಕರಿ ಬಟ್ಟೆಯ ಎಳೆ ಎಣಿಸಲಾಗಲಿಲ್ಲ, ಡಾಕ್ಟರೂ ಕೈಚೆಲ್ಲಿದರು. ಕಾಶವ್ವನನ್ನೇ ಕರೆಸಬೇಕಾಯಿತು.

ಕರೆದದ್ದೇ ತಡ, ಕಾಶವ್ವ ಬಂದು ಸೀರೆ ತೊಡೆಯ ಮೇಲೆ ಹಾಕಿಕೊಂಡಳು. ಕವಲು ಬಂದಲ್ಲಿ ಸೂಜಿ ನಿಲ್ಲಿಸಿದಳು. "ಇಲ್ಲಿ ಗಂಟು ಹಾಕಿದರ ಬೀಗರ ಕಣ್ಣಿಗೆ ಬೀಳತಾವ್ರಿ ಅವ್ವಾರ. ಬ್ಯಾರೆ ದಾರಿ ಏನರ ಐತೇನ್ರಿ?"

ಮಾತು ಪಾರತೆವ್ವನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಮೊಮ್ಮಗಳ ಮಾನ ಉಳಿಯುತ್ತದೆ. ಆದರೆ ಇಷ್ಟು ವರ್ಷ ಸುಳ್ಳು ಕಲಿಸಿದ್ದು ಹೊರಬೀಳುತ್ತದೆ.

"ನಿನಗ ಕಲಿಸಿದಂಗ ಹಾಕು," ಅಂದಳು.

ಸೀರೆ ಒಪ್ಪಿಸುವ ದಿನ ಬೀಗರ ಹಿರಿಯ ಹೆಂಗಸು ಸೆರಗು ತಿರುವಿ ಕೈಯಾಡಿಸಿದಳು. ಅರ್ಧದತನಕ ನುಣುಪು, ಅಲ್ಲಿಂದಾಚೆ ಗಂಟೇ ಗಂಟು. ಅಜ್ಜಿ ಹೆಸರು ಹೇಳಿ ಎಂಥದೋ ಸೀರೆ ದಾಟಿಸುತ್ತಿದ್ದಾರೆ ಎಂದು ಎಲ್ಲರ ಮುಂದೆ ಆಡಿಕೊಂಡು, ಸೀರೆಯನ್ನು ಪಕ್ಕಕ್ಕೆ ಸರಿಸಿದಳು. ನಿಂಬೆವ್ವ ತಲೆ ತಗ್ಗಿಸಿ ಅತ್ತಳು.

ಆಗ ಕಾಶವ್ವ ಕೈಮುಗಿದು ಎದ್ದು ನಿಂತಳು. "ತಪ್ಪು ನಂದ್ರಿ. ಅವ್ವಾರು ಚೊಲೋನ ಕಲಿಸಿದ್ರು. ನನ್ನ ಕೈಗೆ ಹತ್ತಲಿಲ್ಲ."

ಆಗಲಾದರೂ ಪಾರತೆವ್ವ ಬಾಯಿಬಿಟ್ಟಳೇ? ಇಲ್ಲ. ಕಾಣದ ಕಣ್ಣು ನೆಲಕ್ಕೆ ನೆಟ್ಟು ಕೂತಳು. ನಿಂಬೆವ್ವ ಅಂಗಡಿಯ ಸೀರೆ ಉಟ್ಟು ಗಂಡನ ಮನೆಗೆ ಹೋದಳು.

ಮನೆ ಬಿಕೋ ಅಂದಾಗ ಮುದುಕಿಗೆ ತಡೆಯಲಾಗಲಿಲ್ಲ. ಕಾಶವ್ವನನ್ನು ಕರೆಸಿ ಎಲ್ಲ ಹೇಳಿದಳು, ಈಗ ಸರಿಯಾಗಿ ಕಲಿಸುತ್ತೇನೆ ಕೂಡು ಅಂದಳು. ಕಾಶವ್ವ ಕೂಡಲಿಲ್ಲ, ತನ್ನ ಕೈ ನೋಡಿಕೊಂಡಳು.

"ಇಷ್ಟ ವರ್ಷ ನನ್ನ ಕೈಗೇ ಬೈದೇನ್ರಿ ಅವ್ವಾರ," ಅಂದಳು. "ಈಗ ಆ ಕೈಗೆ ಏನಂತ ಹೇಳ್ಲಿ?"

ಹೊರಟುಹೋದಳು. ಮತ್ತೆಂದೂ ಸೂಜಿ ಹಿಡಿಯಲಿಲ್ಲ.

ನೀತಿ: ವಿದ್ಯೆಯನ್ನು ಬಚ್ಚಿಡುವವರು ಜಿಪುಣರು, ಬೇಕೆಂದೇ ತಪ್ಪು ಕಲಿಸುವವರು ದ್ರೋಹಿಗಳು. ಶಿಷ್ಯರ ಕೈಯನ್ನು ಕೆಡಿಸಿದ ಗುರುವಿಗೆ, ತನ್ನ ಕೈ ಸೋತ ದಿನ ಹಿಡಿದುಕೊಳ್ಳಲು ಯಾವ ಕೈಯೂ ಸಿಗುವುದಿಲ್ಲ.